ದರ್ಜಿಯ ಕಿಟಕಿಯವರೆಗೆ

ಆ ಮನೆಯಲ್ಲಿ ಬಚ್ಚಲು ಒಂದೇ, ಬೆಳಿಗ್ಗೆ ಬೇಗ ಹೊರಡಬೇಕಾದ ಹೆಂಗಸರು ಇಬ್ಬರು. ಜಗಳವಾಗಿದ್ದರೆ ಎಷ್ಟೋ ವಾಸಿಯಿತ್ತು. ಆಗುತ್ತಿದ್ದುದು ಉಪಚಾರ.

"ಅತ್ತಿಗೆ, ನೀವು ಹೋಗಿ ಮೊದಲು."

"ಅಯ್ಯೋ ಪರವಾಗಿಲ್ಲ, ನೀವೇ ಹೋಗ್ಬನ್ನಿ. ನಂದು ನಿಧಾನ."

"ನನಗೇನೂ ಅವಸರ ಇಲ್ಲ."

"ನನಗೂ ಇಲ್ಲ."

ಹೀಗೆ ಟವೆಲ್ ಹೆಗಲಿಗೇರಿಸಿಕೊಂಡು ಬಾಗಿಲಿನ ಆ ಕಡೆ ಒಬ್ಬಳು ಈ ಕಡೆ ಒಬ್ಬಳು ನಿಂತಿರುವಾಗ, ಒಬ್ಬಳಿಗೆ ಅಣ್ಣನೂ ಇನ್ನೊಬ್ಬಳಿಗೆ ಗಂಡನೂ ಆದ ಮನೆಯ ಯಜಮಾನ ನಡುವೆ ನುಸುಳಿ ಚಿಲಕ ಹಾಕಿಕೊಂಡುಬಿಡುತ್ತಿದ್ದ. ಒಳಗಿನಿಂದ ಅವನ ಹಾಡು ಬೇರೆ. ಕೊನೆಗೆ ಇಬ್ಬರೂ ಅರೆಬರೆ ಮುಖ ತೊಳೆದು, ಬಾಳೆಹಣ್ಣು ಬಾಯಿಗಿಟ್ಟುಕೊಂಡು, ಓಡುತ್ತ ಟ್ರ್ಯಾಂಪೊಲಿನ್ ಹಾಲ್ ಸೇರುವಷ್ಟರಲ್ಲಿ ಕೋಚಮ್ಮ ಗಡಿಯಾರದ ಕೆಳಗೆ ಸೊಂಟಕ್ಕೆ ಕೈಯಿಟ್ಟು ನಿಂತಿರುತ್ತಿದ್ದಳು. ಮರ್ಯಾದೆ ಒಳ್ಳೆಯದೇ, ಬೇಡ ಅಂದವರಾರು? ಆದರೆ ಅತಿಯಾದ ಮರ್ಯಾದೆ ಮನೆಗೆಲಸವನ್ನೂ ಕೆಡಿಸುತ್ತದೆ, ಆಟವನ್ನೂ ಕೆಡಿಸುತ್ತದೆ. ಇವರ ವಿಷಯದಲ್ಲಿ ಆಟವನ್ನೇ ಕೆಡಿಸಿತು.

ನಾದಿನಿಯನ್ನು ಎಲ್ಲರೂ ಕರೆಯುತ್ತಿದ್ದುದು ಮಿಡತೆ ಎಂದು. ಚಿಕ್ಕಂದಿನಲ್ಲಿ ಹಾಸಿಗೆಯ ಮೇಲೆ ಹಾರಿ ಹಾರಿ ಮಂಚದ ಪಟ್ಟಿ ಮುರಿದ ದಿನ ಅಣ್ಣನೇ ಇಟ್ಟ ಹೆಸರು ಅದು. ಅಮ್ಮ ಬೆನ್ನಿಗೆರಡು ಬಿಟ್ಟು, ಹಾರಲೇಬೇಕು ಅಂದರೆ ಹಾರುವ ಕಡೆ ಹೋಗಿ ಹಾರು ಎಂದು ಹಾಲ್‌ಗೆ ಸೇರಿಸಿದಳು. ಆಗ ಮೇಲೆ ಹೋದವಳು, ವಯಸ್ಸು ಮೂವತ್ತರ ಹತ್ತಿರ ಬಂದರೂ ಇನ್ನೂ ಕೆಳಗಿಳಿದಿರಲಿಲ್ಲ. ಅತ್ತಿಗೆ ಅವಳಿಗಿಂತ ನಾಲ್ಕು ವರ್ಷ ಚಿಕ್ಕವಳು. ಅತ್ತಿಗೆಯಾಗುವುದಕ್ಕೆ ಮುಂಚೆ ಆಕೆ ಬರೀ ಪುಟ್ಟಿ, ಮಿಡತೆಯ ಜೋಡಿ. ಆಗ ಇಬ್ಬರೂ ದಿನಕ್ಕೆ ಎರಡು ಸಲವಾದರೂ ಕಿತ್ತಾಡುತ್ತಿದ್ದರು. "ಲೇ ಪುಟ್ಟಿ, ನಿನ್ನ ಕಾಲು ಕಾಲೋ ಕಂಬವೋ?" ಎಂದು ಇವಳು, "ನೀನು ಮೊದಲು ನೆಟ್ಟಗೆ ಇಳಿ, ಆಮೇಲೆ ಬಾಯಿ ಬಿಡು" ಎಂದು ಅವಳು. ಹಾಲ್‌ನಲ್ಲಿ ಸ್ಪ್ರಿಂಗು ಬದಲಾಯಿಸುವ, ಬೋಲ್ಟು ಬಿಗಿಯುವ ಕೆಲಸ ಅಣ್ಣನದು. ಸ್ಪ್ರಿಂಗು ಸಿಕ್ಕಿಸಲು ಹೋದವನು ತಾನೇ ಸಿಕ್ಕಿಕೊಂಡ. ಮದುವೆಯಾಯಿತು. ಪುಟ್ಟಿ ಮನೆ ತುಂಬಿದಳು. ಅಮ್ಮ ಮಗಳನ್ನು ಅಡುಗೆಮನೆಗೆ ಕರೆದು, "ಇನ್ಮೇಲೆ ಲೇ ಗೀ ಅಂದ್ರೆ ಚೆನ್ನಾಗಿರಲ್ಲ. ಅಣ್ಣನ ಹೆಂಡ್ತಿ ಅವಳು" ಎಂದು ಕಿವಿ ಹಿಂಡಿದಳು. ಬಹುಶಃ ಆ ಕಡೆ ಪುಟ್ಟಿಯ ತಾಯಿಯೂ ಅದನ್ನೇ ಹೇಳಿ ಕಳಿಸಿದ್ದಳು. ಅಲ್ಲಿಂದ ಶುರುವಾಯಿತು ನೀವು, ತಾವು, ಮೊದಲು ನೀವು.

ಜೋಡಿ ಸ್ಪರ್ಧೆ ನೋಡದವರಿಗೆ ಒಂದು ಮಾತು ಹೇಳಬೇಕು. ಎರಡು ಟ್ರ್ಯಾಂಪೊಲಿನ್‌ಗಳು ಅಕ್ಕಪಕ್ಕ ಇರುತ್ತವೆ, ಕಬ್ಬಿಣದ ಚೌಕಟ್ಟಿಗೆ ಸ್ಪ್ರಿಂಗಿನಿಂದ ಬಿಗಿದ ಬಲೆಯೇ ಅದರ ಬೆಡ್. ಇಬ್ಬರೂ ಒಂದೇ ದಿಕ್ಕಿಗೆ ಮುಖ ಮಾಡಿ, ನೆಟ್ಟಗೆ ಹಾರಿ ಹಾರಿ ಎತ್ತರ ಕೂಡಿಸಿಕೊಂಡು, ಆಮೇಲೆ ಹತ್ತು ವರಸೆ ಹಾಕಬೇಕು. ಒಂದರ ಬೆನ್ನಿಗೆ ಒಂದು, ನಡುವೆ ಸುಧಾರಿಸಿಕೊಳ್ಳಲು ಒಂದು ಖಾಲಿ ನೆಗೆತವೂ ಇಲ್ಲ. ಗಾಳಿಯಲ್ಲಿ ಎರಡು ಲಾಗ, ಅದರೊಳಗೇ ಒಂದೂವರೆ ಸುತ್ತು, ಇಳಿದ ಮರುಕ್ಷಣ ಮತ್ತೊಂದು. ಎಲ್ಲವನ್ನೂ ಇಬ್ಬರೂ ಒಂದೇ ಗಳಿಗೆಯಲ್ಲಿ ಮಾಡಬೇಕು. ಬೆಡ್‌ನ ಕೆಳಗಿನ ಯಂತ್ರ ಇಬ್ಬರ ಕಾಲು ತಾಗಿದ ಹೊತ್ತಿನ ಅಂತರ ಅಳೆಯುತ್ತದೆ, ಕೂದಲೆಳೆಯಷ್ಟು ಹಿಂದುಮುಂದಾದರೂ ಅಂಕ ಹೋಯಿತು. ಒಬ್ಬಳು ಒಂದು ವರಸೆ, ಇನ್ನೊಬ್ಬಳು ಇನ್ನೊಂದು ಹಾಕಿದರೆ ಆಟ ಅಲ್ಲಿಗೇ ನಿಂತಿತು. ನಡುವಿನ ಕೆಂಪು ಗುರುತಿನಿಂದ ದೂರ ಇಳಿದಷ್ಟೂ ಕಡಿತ. ಕೊನೆಯಲ್ಲಿ ಇಬ್ಬರೂ ಕಂಬದ ಹಾಗೆ ಅಲುಗಾಡದೆ ನಿಲ್ಲಬೇಕು. ಇಷ್ಟೆಲ್ಲ ನಡೆಯುವಾಗ ಕೋಚ್ ಬಾಯಿ ತೆರೆದು ಒಂದು ಮಾತು ಹೇಳಿದರೂ ದಂಡ. ಎತ್ತರಕ್ಕೆ ಜೋಡಿಯಲ್ಲಿ ನೇರವಾಗಿ ಅಂಕವಿಲ್ಲ. ಆದರೆ ಎತ್ತರವಿಲ್ಲದೆ ಸಮಯ ಸಿಗುವುದಿಲ್ಲ, ಸಮಯ ಸಿಗದೆ ಲಾಗ ಮುಗಿಸಿ ಮೈ ಬಿಚ್ಚಿ ನೆಟ್ಟಗೆ ಇಳಿಯಲಾಗುವುದಿಲ್ಲ. ಮುದುರಿಕೊಂಡು ಇಳಿದವರನ್ನು ತೀರ್ಪುಗಾರರು ಸುಮ್ಮನೆ ಬಿಡುವುದಿಲ್ಲ.

ಮದುವೆಯಾದ ಮೇಲೆ ಎರಡು ವಿಶ್ವ ಸ್ಪರ್ಧೆಗೆ ಹೋಗಿಬಂದರು. ಎರಡರಲ್ಲೂ ಒಂಬತ್ತನೆಯವರು. ಫೈನಲ್‌ಗೆ ಹೋಗುವುದು ಎಂಟು ಜೋಡಿ. ಒಂಬತ್ತನೆಯವರ ಪಾಡು ಯಾರಿಗೂ ಬೇಡ. ಮನೆಗೆ ಹೋಗುವ ಹಾಗಿಲ್ಲ. ಫೈನಲ್ ದಿನ ಉಡುಪು ತೊಟ್ಟು, ಜಡೆ ಬಿಗಿದು, ಮೈ ಬಿಸಿಮಾಡಿಕೊಂಡು ಪಕ್ಕದ ಕೋಣೆಯ ಬೆಂಚಿನ ಮೇಲೆ ಕೂತಿರಬೇಕು, ಎಂಟರಲ್ಲಿ ಯಾರಿಗಾದರೂ ಏನಾದರೂ ಆದರೆ ಇರಲಿ ಅಂತ. ಯಾರದಾದರೂ ಕಾಲು ಉಳುಕಲಿ ಎಂದು ಬೇಡಿಕೊಳ್ಳುವ ಹಾಗೂ ಇಲ್ಲ, ಉಳುಕದಿದ್ದರೆ ಹಾರುವ ಹಾಗೂ ಇಲ್ಲ. ಮಿಡತೆ ಎರಡು ವರ್ಷ ಆ ಬೆಂಚಿನ ಮೇಲೆ ಕೂತು ಗೋಡೆಯಾಚೆಯ ಚಪ್ಪಾಳೆ ಕೇಳಿದ್ದಳು.

ಎಲ್ಲರೂ ಅವಳ ಮೊಣಕಾಲನ್ನೇ ದೂರುತ್ತಿದ್ದರು. ಮದುವೆಗೆ ಮುಂಚಿನ ವರ್ಷ ಹಾಲ್‌ನಲ್ಲಿ ಅಭ್ಯಾಸ ಮಾಡುವಾಗ ದಾರಿ ತಪ್ಪಿ, ಬೆಡ್ ಬಿಟ್ಟು ಅಂಚಿನ ಕಬ್ಬಿಣದ ಮೇಲೆ ಬಿದ್ದು ಮೊಣಕಾಲು ಚಿಂದಿಯಾಗಿತ್ತು. ಕೂಡಿಸಿ ಹೊಲಿದು, ನಡೆಸಿ, ಓಡಿಸಿ, ಮತ್ತೆ ಹಾರಿಸುವಷ್ಟರಲ್ಲಿ ಒಂದು ವರ್ಷ ಕಳೆದಿತ್ತು. ಈಗ ಸಂಘದವರು ಸ್ಪಷ್ಟವಾಗಿ ಹೇಳಿಬಿಟ್ಟಿದ್ದರು: ಈ ಸಲವೂ ಎಂಟರೊಳಗೆ ಬರದಿದ್ದರೆ ಜೋಡಿ ಒಡೆಯುತ್ತೇವೆ, ಅತ್ತಿಗೆಗೆ ಹೊಸ ಹುಡುಗಿಯನ್ನು ಕೊಡುತ್ತೇವೆ. ಹೊಸ ಹುಡುಗಿ ಆಗಲೇ ಹಾಲ್‌ಗೆ ಬರುತ್ತಿದ್ದಳು. ಪಾಪ, ಮಿಡತೆಯನ್ನು ಕಂಡರೆ ಎದ್ದು ನಿಲ್ಲುತ್ತಿದ್ದಳು. ಅದನ್ನು ಕಂಡರೆ ಮಿಡತೆಗೆ ಇನ್ನಷ್ಟು ಉರಿಯುತ್ತಿತ್ತು.

ನಿಜಸಂಗತಿ ಹೊರಬಂದದ್ದು ದರ್ಜಿಯಿಂದ.

ಹಾಲ್‌ನ ಎದುರು ಗೋಡೆಯ ಮೇಲ್ಭಾಗದಲ್ಲಿ ಉದ್ದಕ್ಕೂ ಒಂದು ಕಿಟಕಿ. ನೆಲದ ಮೇಲೆ ನಿಂತವರಿಗೆ ಅದರಲ್ಲಿ ಕಾಣುವುದು ಬರೀ ಆಕಾಶ. ಟ್ರ್ಯಾಂಪೊಲಿನ್ ಮೇಲೆ ಚೆನ್ನಾಗಿ ಹಾರಿದವರಿಗೆ ಮಾತ್ರ ತುತ್ತತುದಿಯಲ್ಲಿ ಕಣ್ಣು ಮಿಟುಕಿಸುವಷ್ಟು ಹೊತ್ತು ರಸ್ತೆಯಾಚೆಯ ಮಹಡಿ ಕಾಣುತ್ತಿತ್ತು, ಅಲ್ಲಿ ಮೆಷಿನ್ ಮುಂದೆ ಬಗ್ಗಿ ಕೂತ ಬೋಳುತಲೆಯ ದರ್ಜಿ ಕಾಣುತ್ತಿದ್ದ. ಮಿಡತೆ ಒಂದು ದಿನ ಸ್ಪರ್ಧೆಯ ಉಡುಪಿನ ತೋಳು ಬಿಗಿಮಾಡಿಸಲು ಅವನ ಹತ್ತಿರ ಹೋದಳು. ಅವನು ಬಾಯಲ್ಲಿದ್ದ ಗುಂಡುಸೂಜಿ ತೆಗೆದು ಕೇಳಿದ:

"ನೀವಿಬ್ರೂ ಒಟ್ಟಿಗೆ ಹಾರೋದು ಬಿಟ್ಬಿಟ್ರಾ?"

"ಇಲ್ವಲ್ಲ. ದಿನಾ ಹಾರ್ತೀವಿ."

"ಮತ್ತೆ ಕಾಣೋದೇ ಇಲ್ಲ. ಮುಂಚೆ ಎರಡು ತಲೆ ಒಟ್ಟಿಗೆ ಮೇಲೆ ಬರ್ತಿದ್ವು. ನನ್ನ ಹೆಂಡ್ತಿಗೂ ತೋರಿಸ್ತಿದ್ದೆ. ಈಗ ಬಂದ್ರೆ ಒಂದೇ ತಲೆ. ಒಂದು ಸಲ ನಿಮ್ದು, ಒಂದು ಸಲ ಅವರ್ದು. ಎರಡೂ ಒಟ್ಟಿಗೆ ನೋಡಿ ಎಷ್ಟು ಕಾಲ ಆಯ್ತೋ. ಏನಾದ್ರೂ ಮನಸ್ತಾಪಾನಾ?"

ಮನಸ್ತಾಪವಿದ್ದಿದ್ದರೆ ಎಷ್ಟು ಚೆನ್ನಾಗಿತ್ತು! ಮಿಡತೆ ಉಡುಪನ್ನು ಅಲ್ಲೇ ಬಿಟ್ಟು ಮೆಟ್ಟಿಲಿಳಿದಳು. ರಸ್ತೆ ದಾಟುತ್ತ ಲೆಕ್ಕ ಹಾಕಿದಳು. ತಾನು ಒಂಟಿಯಾಗಿ ಹಾರುವಾಗ ದರ್ಜಿಯನ್ನು ನೋಡುತ್ತಿದ್ದುದು ನಿಜ. ಜೋಡಿಯಾಗಿ ಹಾರುವಾಗ ಕಾಣುತ್ತಿದ್ದುದು ಬರೀ ಗೋಡೆ. ಜೋಡಿಯಲ್ಲಿ ಎತ್ತರ ಸ್ವಲ್ಪ ಕಡಿಮೆಯಾಗುವುದು ಸಹಜ ಎಂದು ಕೋಚಮ್ಮನೂ ಹೇಳಿದ್ದಳು, ಇವಳೂ ನಂಬಿದ್ದಳು.

ಸಂಜೆ ಅಭ್ಯಾಸ ಮುಗಿದ ಮೇಲೆ ಅತ್ತಿಗೆಯನ್ನು ನಿಲ್ಲಿಸಿಕೊಂಡಳು.

"ಅತ್ತಿಗೆ, ಒಬ್ಬರೇ ಹತ್ತಿ. ಸುಮ್ನೆ ನೆಟ್ಟಗೆ ಹಾರಿ."

ಅತ್ತಿಗೆ ಹತ್ತಿ ಹಾರಿದಳು. ನಾಲ್ಕೈದು ನೆಗೆತಕ್ಕೆ ತಲೆ ಕಿಟಕಿಯ ಮಟ್ಟ ದಾಟಿತು.

"ಏನ್ ಕಾಣ್ತು?"

"ದರ್ಜಿ. ಗುಂಡಿ ಹೊಲೀತಿದ್ದಾನೆ."

ಮಿಡತೆ ಹತ್ತಿದಳು. ಗುಂಡಿ ಇನ್ನೂ ಮುಗಿದಿರಲಿಲ್ಲ.

"ಈಗ ಇಬ್ಬರೂ" ಎಂದಳು. ಇಬ್ಬರೂ ತಮ್ಮ ತಮ್ಮ ಬೆಡ್ ಮೇಲೆ ಹಾರಿದರು. ಇಬ್ಬರ ಕಾಲೂ ಒಂದೇ ಸದ್ದಿನಲ್ಲಿ ಇಳಿಯುತ್ತಿತ್ತು, ಧಬ್, ಧಬ್, ಧಬ್, ಕಣ್ಣು ಮುಚ್ಚಿ ಕೇಳಿದವರು ಒಬ್ಬಳೇ ಹಾರುತ್ತಿದ್ದಾಳೆ ಅನ್ನಬೇಕು. ಕಂಡದ್ದು ಮಾತ್ರ ಗೋಡೆ. ಸುಣ್ಣ ಬಿಟ್ಟ ಜಾಗದಲ್ಲಿ ಒಂದು ಮೊಳೆ. ಎರಡು ವರ್ಷದಿಂದ ನೋಡುತ್ತಿದ್ದ ಅದೇ ಮೊಳೆ.

ಮಿಡತೆ ನಿಂತಳು. "ಯಾಕೆ ಕಡಿಮೆ ಮಾಡ್ತೀರಿ?"

"ನೀವು ಕಡಿಮೆ ಮಾಡ್ತೀರಲ್ಲ, ಅದಕ್ಕೆ ಹೊಂದಿಸ್ತೀನಿ."

"ನಾನು ಕಡಿಮೆ ಮಾಡೋದೇ ನೀವು ಮಾಡ್ತೀರಿ ಅಂತ!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು. ಬಚ್ಚಲ ಬಾಗಿಲಿನ ಉಪಚಾರ ಇಲ್ಲಿಗೂ ಬಂದು, ನೀವು ಮೊದಲು ಇಳಿಯಿರಿ, ಇಲ್ಲ ನೀವೇ ಇಳಿಯಿರಿ ಅನ್ನುತ್ತ ಇಬ್ಬರನ್ನೂ ಮೊಳೆಯ ಮಟ್ಟಕ್ಕೆ ತಂದು ನಿಲ್ಲಿಸಿತ್ತು.

"ನಾನು ಬಿದ್ದದ್ದು ನೋಡಿದ ಮೇಲೆ ನೀವು ಹೆದರಿದ್ದೀರಿ ಅಂದ್ಕೊಂಡಿದ್ದೆ," ಎಂದಳು ಮಿಡತೆ. "ಮದುವೆ ಆದ ಹೊಸದರಲ್ಲಿ ಮುಖ ಬಿಳಿಚಿಕೊಂಡು ಹತ್ತುತ್ತಿದ್ರಲ್ಲ."

ಅತ್ತಿಗೆ ಬೆಡ್‌ನ ಅಂಚಿಗೆ ಕೂತು ಕಾಲು ಇಳಿಬಿಟ್ಟಳು.

"ನನಗೋಸ್ಕರ ಅಲ್ಲ ಆ ಹೆದರಿಕೆ. ನಿಮ್ಮಣ್ಣ ಮದುವೆ ವಾರದಲ್ಲೇ ನನ್ನ ಕೈ ಹಿಡ್ಕೊಂಡು ಮಾತು ತಗೊಂಡ್ರು. ಅವಳನ್ನ ಮತ್ತೆ ಅಷ್ಟು ಮೇಲಕ್ಕೆ ಕರ್ಕೊಂಡು ಹೋಗ್ಬೇಡ, ನೀನು ಮೇಲೆ ಹೋದ್ರೆ ಅವಳೂ ಬರ್ತಾಳೆ, ಹಟಮಾರಿ ಅವಳು, ಅಂತ. ನಾನು ಹೂಂ ಅಂದೆ. ಇನ್ನೇನು ಅನ್ನಲಿ?"

ಮಿಡತೆಗೆ ಸಿಟ್ಟು ನೆತ್ತಿಗೇರಿತು. "ಅಂದ್ರೆ ಎರಡು ವರ್ಷ ನನ್ನ ಮೇಲೆ ಕನಿಕರ ತೋರಿಸಿದ್ರಿ."

"ಮತ್ತೆ ನೀವು ನನ್ನ ಮೇಲೆ ತೋರಿಸಿದ್ದು ಏನಂತೆ?"

ಇದನ್ನೆಲ್ಲ ಮ್ಯಾಟ್‌ಗಳ ರಾಶಿಯ ಹಿಂದಿನಿಂದ ಕೇಳಿಸಿಕೊಂಡ ಕೋಚಮ್ಮ ಮುಂದೆ ಬಂದಳು. ಅವಳು ಬೈಯುತ್ತಾಳೆ ಎಂದುಕೊಂಡರೆ ಬೈಯಲಿಲ್ಲ, ತಲೆ ಚಚ್ಚಿಕೊಂಡಳು.

"ನಾನು ಮೊಣಕಾಲು ಮೊಣಕಾಲು ಅಂತ ಎರಡು ವರ್ಷ ಎಣ್ಣೆ ತಿಕ್ಕಿಸಿದ್ನಲ್ಲ, ನನಗೆ ಬುದ್ಧಿ ಇಲ್ಲ. ಕೇಳಿ ಇಬ್ರೂ. ಮನೇಲಿ ಎಷ್ಟು ಬೇಕೋ ಅಷ್ಟು ಮರ್ಯಾದೆ ಕೊಟ್ಕೊಳ್ಳಿ. ಇಲ್ಲಿ ಒಬ್ಬಳು ಮುಂದೆ, ಒಬ್ಬಳು ಅವಳ ಹಿಂದೆ. ಮುಂದಿನವಳು ಕಾಯಬಾರ್ದು. ಹಿಂದಿನವಳು ಕಾಯಿಸಬಾರ್ದು." ಆಮೇಲೆ ಅತ್ತಿಗೆಯ ಕಡೆ ಬೆರಳು ಮಾಡಿದಳು. "ಇವಳ ಎತ್ತರ ಒಂದೇ ಸಮ ಇರುತ್ತೆ. ಇವಳು ಮುಂದೆ."

ಅಲ್ಲಿಯವರೆಗೆ ಮುಂದಿದ್ದವಳು ಮಿಡತೆ. ಹೂಂ ಎಂದು ಕೂಗಿ ಮೊದಲ ವರಸೆ ಶುರು ಮಾಡುತ್ತಿದ್ದವಳು ಅವಳು, ಹಿಂದಿನಿಂದ ಬರುತ್ತಿದ್ದವಳು ಪುಟ್ಟಿ. ಈಗ ಪುಟ್ಟಿಯ ಹಿಂದೆ ತಾನು! ಬೆಂಚು ನೆನಪಾಯಿತು, ಗೋಡೆಯಾಚೆಯ ಚಪ್ಪಾಳೆ ನೆನಪಾಯಿತು. ನುಂಗಿಕೊಂಡಳು.

"ಸರಿ," ಎಂದಳು.

"ನನಗಾಗಲ್ಲ," ಎಂದಳು ಅತ್ತಿಗೆ. "ಮಾತು ಕೊಟ್ಟಿದ್ದೀನಿ."

ಅಣ್ಣ ಹಾಲ್‌ನ ಆಚೆ ತುದಿಯ ಟ್ರ್ಯಾಂಪೊಲಿನ್ ಕೆಳಗೆ ಅಂಗಾತ ಮಲಗಿ ಸ್ಪ್ರಿಂಗು ಬದಲಾಯಿಸುತ್ತಿದ್ದ. ಸೋತ ಸ್ಪ್ರಿಂಗನ್ನು ಅವನು ಬೆರಳಲ್ಲಿ ಮೀಟಿಯೇ ಗುರುತಿಸುತ್ತಿದ್ದ. ಮಿಡತೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು.

"ಅತ್ತಿಗೆ ಹತ್ರ ಮಾತು ತಗೊಂಡಿದ್ದೀಯಂತೆ."

"ತಗೊಂಡಿದ್ದೀನಿ. ಈಗೇನು?"

"ವಾಪಸ್ ಕೊಡು."

"ಕೊಡಲ್ಲ. ಆ ಕೊಕ್ಕೆ ಇಲ್ಲಿ ಕೊಡು."

ಅವಳು ಕೊಕ್ಕೆ ಕೊಡಲಿಲ್ಲ. ಅವನು ಕೈ ಚಾಚಿಯೇ ಇದ್ದ. ಕೊನೆಗೆ ಜರುಗಿ ಹೊರಗೆ ಬಂದು ಎದ್ದು ಕೂತ. ಕೆನ್ನೆಯ ಮೇಲೆ ಎಣ್ಣೆ ಮೆತ್ತಿತ್ತು.

"ನಿನ್ನ ಮೊಣಕಾಲು ಮುರಿದ ಸದ್ದು ನೀನು ಕೇಳಿಲ್ಲ. ನೀನು ಕಿರುಚ್ತಾ ಇದ್ದೆ. ಕೇಳಿದ್ದು ನಾನು. ಈ ಹಾಲ್‌ನಲ್ಲಿ ಒಂದು ಸ್ಪ್ರಿಂಗು ಟಕ್ ಅಂದ್ರೂ ಇವತ್ತಿಗೂ ನನಗೆ ಜೀವ ಬಾಯಿಗೆ ಬರುತ್ತೆ. ನನಗೆ ಮೆಡಲ್ ಬೇಡ, ತಂಗಿ ಬೇಕು. ಸಾಕಾ?"

ಮಿಡತೆಗೆ ಕಣ್ಣು ತುಂಬಿತು. ಆದರೆ ಅವಳು ಅಳಲು ಬಂದವಳಲ್ಲ.

"ನನಗೂ ಮೆಡಲ್ ಬೇಡಣ್ಣ. ಒಂದು ಸಲ ಎಂಟರೊಳಗೆ ಬರಬೇಕು, ಅಷ್ಟೇ. ಬಿದ್ದು ಮುಗಿದ್ರೆ ಹಾರಿದ್ದೆ, ಬಿದ್ದೆ, ಅಂತ ಹೇಳ್ಕೊಳ್ಳಬಹುದು. ಕೆಳಗೆ ಕೆಳಗೆ ಹಾರಿ ಮುಗಿದ್ರೆ ಏನಂತ ಹೇಳ್ಕೊಳ್ಳಲಿ? ಅತ್ತಿಗೆ ಎರಡು ವರ್ಷದಿಂದ ಹಾರ್ತಾನೇ ಇಲ್ಲ, ನನ್ನ ಕಾವಲು ಕಾಯ್ತಿದ್ದಾರೆ. ಅವರ ಆಟಾನೂ ಹಾಳು ಮಾಡ್ತಿದ್ದೀಯ ನೀನು."

ಅದು ನಾಟಿತು. ಅವನು ಬಟ್ಟೆಯಲ್ಲಿ ಕೈ ಒರೆಸಿಕೊಂಡ, ಒರೆಸಿಕೊಳ್ಳುತ್ತಲೇ ಇದ್ದ. ಕೊನೆಗೆ ಬಾಯಿ ಬಿಟ್ಟ.

"ಹಾಗಾದ್ರೆ ಕಾವಲು ನಾನು ಕಾಯ್ತೀನಿ. ಅಲ್ಲಿ ನಿನ್ನ ಕಡೆ ಮ್ಯಾಟ್ ಹಿಡಿಯೋದು ನಾನು. ಬೇರೆ ಯಾರೂ ಬೇಡ."

ಸ್ಪರ್ಧೆಯಲ್ಲಿ ಟ್ರ್ಯಾಂಪೊಲಿನ್ ಪಕ್ಕ ದಪ್ಪ ಮ್ಯಾಟ್ ಹಿಡಿದು ಒಬ್ಬ ನಿಂತಿರುತ್ತಾನೆ. ಹಾರುವವರು ದಾರಿ ತಪ್ಪಿದರೆ ಅದನ್ನು ಅವರು ಬೀಳುವ ಜಾಗಕ್ಕೆ ತಳ್ಳಿ ಬಿಡುವುದು ಅವನ ಕೆಲಸ. ಆದರೆ ಮ್ಯಾಟ್ ಹಾರುವವರಿಗೆ ತಾಗಿತೋ, ಆಟ ಅಲ್ಲಿಗೆ ಮುಗಿಯಿತು.

"ಹೆದರಿ ಮುಂಚೆ ತಳ್ಳಿದ್ರೆ ನನ್ನ ಕಥೆ ಮುಗೀತು," ಎಂದಳು ಮಿಡತೆ.

"ಗೊತ್ತು."

"ತಡವಾಗಿ ತಳ್ಳಿದ್ರೆ..."

"ಅದೂ ಗೊತ್ತು. ಕೊಕ್ಕೆ ಕೊಡು."

ಅವತ್ತು ರಾತ್ರಿ ಊಟಕ್ಕೆ ಕೂತಾಗ ಅಣ್ಣ ತಟ್ಟೆಯಿಂದ ತಲೆಯೆತ್ತದೆ ಹೆಂಡತಿಗೆ, "ನೀನು ಹಾರು. ಇವಳ ಯೋಚನೆ ನನಗೆ ಬಿಡು" ಎಂದ. ಅತ್ತಿಗೆ ನೀರಿನ ಲೋಟ ಕೆಳಗಿಟ್ಟು ನಾದಿನಿಯ ಮುಖ ನೋಡಿದಳು. ಅಷ್ಟಕ್ಕೇ ಕೆಲಸವಾಯಿತು.

ಆಯಿತು ಅಂದರೆ ಸುಲಭವಾಗಿ ಆಯಿತೇ? ಎಲ್ಲಿ ಬಂತು! ಎರಡು ವರ್ಷದ ಮರ್ಯಾದೆ ಮೈಗಂಟಿಕೊಂಡಿತ್ತು. ಮಿಡತೆ ತುಸು ತಗ್ಗಿದರೆ ಸಾಕು, ಅತ್ತಿಗೆಯ ಮಂಡಿ ತಾನೇ ಸಡಿಲವಾಗುತ್ತಿತ್ತು. ಕೋಚಮ್ಮ ಕೆಳಗಿನಿಂದ ಗುಡುಗುತ್ತಿದ್ದಳು. ಅಭ್ಯಾಸದಲ್ಲಿ ಬೈಯಲು ದಂಡವಿಲ್ಲ, ಅವಳು ಒಂದನ್ನೂ ಉಳಿಸಿಕೊಳ್ಳಲಿಲ್ಲ. ಕೊನೆಗೆ ಮಿಡತೆಯೇ ತಾಳ್ಮೆಗೆಟ್ಟು ಗಾಳಿಯಲ್ಲೇ ಕೂಗಿದಳು, "ಲೇ ಪುಟ್ಟಿ, ಹೋಗೇ ಮೇಲೆ!" ಹೊಸ ಹುಡುಗಿ ಬಾಯಿ ತೆರೆದುಕೊಂಡು ನಿಂತಳು. ಅತ್ತಿಗೆಯ ಮುಖ ಕೆಂಪಾಯಿತು, ಮುಂದಿನ ನೆಗೆತದಲ್ಲಿ ಸಿಟ್ಟಿನಿಂದಲೇ ಕಿಟಕಿ ದಾಟಿದಳು. ಇಳಿದ ಮೇಲೆ ಅವಳಂದದ್ದು, "ನಿನ್ನ ಬಾಯಿಗಿಷ್ಟು ಮಣ್ಣು ಹಾಕ."

ಅಲ್ಲಿಂದ ದಾರಿ ತೆರೆಯಿತು. ಮಿಡತೆಗೆ ಹಿಂದಿನಿಂದ ಹಾರುವುದು ಕಲಿಯಲು ಮೈ ಹಣ್ಣಾಯಿತು. ಮುಂದಿದ್ದಾಗ ತನ್ನ ಪಾಡಿಗೆ ಹಾರಿದ್ದವಳು, ಈಗ ಕಿವಿಯನ್ನು ಪಕ್ಕದ ಬೆಡ್‌ಗೆ ಕೊಟ್ಟು ಹಾರಬೇಕು. ಪ್ರತಿದಿನ ಮೊಣಕಾಲಿಗೆ ಪಟ್ಟಿ ಸುತ್ತಿದಳು, ಮಂಜುಗಡ್ಡೆ ಇಟ್ಟಳು, ಮರುದಿನ ಮತ್ತೆ ಹತ್ತಿದಳು. ಸಾಕು ಎಂದು ಯಾರೂ ಹೇಳಲಿಲ್ಲ, ಸಾಕೇ ಎಂದು ಅವಳೂ ಕೇಳಲಿಲ್ಲ. ಹೊರಡುವ ಹಿಂದಿನ ವಾರ ದರ್ಜಿ ಕಿಟಕಿಯಿಂದ ಕತ್ತರಿ ಎತ್ತಿ ಆಡಿಸಿದ. ಅವನ ಪಕ್ಕದಲ್ಲಿ ಹೆಂಡತಿಯೂ ನಿಂತಿದ್ದಳು.

ಮನೆಯಲ್ಲಿ ಮಾತ್ರ ಬೆಳಿಗ್ಗೆ ಅದೇ ಹಾಡು. "ಅತ್ತಿಗೆ, ನೀವು ಹೋಗಿ." "ಇಲ್ಲ, ನೀವೇ." ಅಣ್ಣ ನಡುವೆ ನುಸುಳುವುದೂ ನಿಂತಿರಲಿಲ್ಲ.

ವಿಶ್ವ ಸ್ಪರ್ಧೆಯ ಹಾಲ್ ದೊಡ್ಡದು, ಛಾವಣಿ ಎಷ್ಟು ಎತ್ತರವೆಂದರೆ ಹಾರಿದವರಿಗೆ ತಾವು ಎಲ್ಲಿದ್ದೇವೆಂದೇ ತಿಳಿಯುವುದಿಲ್ಲ. ಕಿಟಕಿಯಿಲ್ಲ, ದರ್ಜಿಯಿಲ್ಲ, ಮೊಳೆಯೂ ಇಲ್ಲ. ಅರ್ಹತಾ ಸುತ್ತಿನಲ್ಲಿ ಅವರ ಸರದಿ ಕೊನೆಯ ಕಡೆ. ಹತ್ತಿದರು. ಅಣ್ಣ ಮ್ಯಾಟ್ ಹಿಡಿದು ಮಿಡತೆಯ ಕಡೆ ನಿಂತ. ಮುಖ ಗೋಡೆಗಿಂತ ಬಿಳಿ. ಅತ್ತಿಗೆಯ ಕಡೆ ಕೋಚಮ್ಮ, ತುಟಿ ಹೊಲಿದುಕೊಂಡ ಹಾಗೆ.

ಹಸಿರು ದೀಪ ಬಂತು. ನೆಟ್ಟಗೆ ಹಾರಿದರು, ಒಂದಕ್ಕಿಂತ ಒಂದು ಎತ್ತರ. "ಹೂಂ" ಎಂದಳು ಅತ್ತಿಗೆ. ಮೊದಲ ವರಸೆ, ಎರಡನೆಯದು, ಮೂರನೆಯದು. ಧಬ್, ಧಬ್, ಧಬ್, ಒಂದೇ ಸದ್ದು. ಇಷ್ಟು ಮೇಲಿಂದ ಮೈ ಬಿಚ್ಚಿ ಇಳಿಯಲು ಸಮಯವೇ ಸಮಯ. ಮಿಡತೆಗೆ ಇಂಥ ಸುಖ ಮರೆತೇ ಹೋಗಿತ್ತು.

ಆರನೆಯದರಲ್ಲಿ ತಪ್ಪಿತು. ಸುತ್ತು ಬಿಚ್ಚಿದಾಗ ಭುಜ ತುಸು ಮುಂಚೆ ತಿರುಗಿ, ಕೆಂಪು ಗುರುತು ಬಿಟ್ಟು ಹಿಂದಕ್ಕೆ ಇಳಿದಳು. ಅಂಚಿಗೆ ಹತ್ತಿರವಾದ ಕಡೆ ಬೆಡ್ ಅಷ್ಟು ಎಸೆಯುವುದಿಲ್ಲ. ಏಳನೆಯದಕ್ಕೆ ಅವಳು ತಗ್ಗಿಹೋದಳು. ಕಣ್ಣಂಚಿನಲ್ಲಿ ಅಣ್ಣ ಕಂಡ, ಮ್ಯಾಟ್ ಎದೆಯ ಮಟ್ಟಕ್ಕೆ ಎತ್ತಿದ್ದ.

ತಗ್ಗಿದವಳು ಬೇಗ ಇಳಿಯುತ್ತಾಳೆ. ಅವಳ ಕಾಲು ತಾಗಿತು, ಅನಂತರ ಅತ್ತಿಗೆಯ ಕಾಲು ತಾಗಿತು. ಧ-ಧಬ್. ಎರಡು ಸದ್ದು. ಈಗ ಇರುವುದು ಎರಡೇ ದಾರಿ. ಅತ್ತಿಗೆ ಕೆಳಗೆ ಬಂದು ಕೂಡಿಕೊಳ್ಳಬೇಕು, ಇಲ್ಲವೇ ಮಿಡತೆ ಒಂದು ಸಲ ಅತ್ತಿಗೆಗಿಂತಲೂ ಮೇಲೆ ಹೋಗಿ, ಕಳೆದುಕೊಂಡಷ್ಟು ಹೊತ್ತು ಗಾಳಿಯಲ್ಲೇ ನಿಲ್ಲಬೇಕು. ಎರಡು ವರ್ಷ ಅತ್ತಿಗೆ ಮೊದಲ ದಾರಿ ಹಿಡಿದಿದ್ದಳು. ಮಿಡತೆಯ ಕಿವಿ ಅದನ್ನೇ ಕಾದಿತ್ತು. ಅತ್ತಿಗೆ ಬರಲಿಲ್ಲ. ಪೂರ್ತಿ ಎತ್ತರಕ್ಕೆ, ಒಂದಿಷ್ಟೂ ಕಡಿಮೆಯಿಲ್ಲದೆ, ತನ್ನ ಪಾಡಿಗೆ ತಾನು ಹೊರಟಳು.

ಹೋಗೇ, ಎಂದುಕೊಂಡಳು ಮಿಡತೆ, ನಾನು ಬಂದೆ.

ಎರಡೂ ಕಾಲು ಒತ್ತಿದಳು. ಹೊಲಿದ ಮೊಣಕಾಲು ಬೇಡ ಬೇಡ ಎಂದಿತು. ಅವಳು ಕೇಳಲಿಲ್ಲ, ಇನ್ನೂ ಒತ್ತಿದಳು. ಬೆಡ್ ಕೆಳಕ್ಕೆ ಕೆಳಕ್ಕೆ ಹೋಯಿತು. ಅಣ್ಣನ ಕೈ ಮುಂದಕ್ಕೆ ಬಂತು, ಮ್ಯಾಟ್‌ನ ಮೂಲೆ ಅಂಚಿನ ಮೆತ್ತೆಯ ಮೇಲೆ ಬಂದು ಕೂತಿತು. ಅಲ್ಲೇ ನಿಂತಿತು. ಅವನು ಕೆಳತುಟಿ ಕಚ್ಚಿ ಹಿಡಿದಿದ್ದ, ರಕ್ತ ಬಂದದ್ದು ಅವನಿಗೆ ಗೊತ್ತಾದದ್ದು ಆಮೇಲೆ. ಬೆಡ್ ಅವಳನ್ನು ಎಸೆಯಿತು. ಎರಡು ಲಾಗ ಮುಗಿಸಿ ಮೈ ಬಿಚ್ಚಿದಾಗ ಕೆಳಗೆ ಬೆಡ್ ಅಂಗೈಯಷ್ಟು ಕಂಡಿತು, ಪಕ್ಕದಲ್ಲಿ ಅತ್ತಿಗೆಯ ಜಡೆ ತನಗಿಂತ ಕೆಳಗಿತ್ತು. ಇಳಿದಳು, ಕೆಂಪು ಗುರುತಿನ ಮೇಲೇ.

ಧಬ್. ಒಂದೇ ಸದ್ದು.

ಒಂಬತ್ತು. ಹತ್ತು. ನಿಂತರು. ಮೊಣಕಾಲು ಒಳಗೇ ನಡುಗುತ್ತಿತ್ತು, ಮಿಡತೆ ಹಲ್ಲು ಕಚ್ಚಿ ಅದನ್ನು ಕಂಬ ಮಾಡಿದಳು. ತೀರ್ಪುಗಾರ ಕೈ ಇಳಿಸಿದ ಮೇಲೆಯೇ ಉಸಿರು ಬಿಟ್ಟಳು. ಅಣ್ಣ ಮ್ಯಾಟ್ ತಬ್ಬಿಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

ಅಂಕದ ಹಲಗೆಯ ಮೇಲೆ ಹೆಸರು ಬಂದಾಗ ಏಳನೆಯ ಸ್ಥಾನ. ಇನ್ನೂ ಎರಡು ಜೋಡಿ ಬಾಕಿ. ಒಂದು ಜೋಡಿ ಚೆನ್ನಾಗಿ ಹಾರಿ ಮೇಲೆ ಹೋಯಿತು, ಇವರು ಎಂಟಕ್ಕಿಳಿದರು. ಕೊನೆಯ ಜೋಡಿ ಹತ್ತುವಾಗ ಮಿಡತೆ ಕಣ್ಣು ಮುಚ್ಚಿ ಸದ್ದು ಮಾತ್ರ ಕೇಳಿದಳು. ಧಬ್, ಧಬ್, ಎಲ್ಲ ಒಂದೇ. ಕೊನೆಯವರೆಗೂ ಒಂದೇ. ಆದರೆ ಅವರು ತಗ್ಗಿನಲ್ಲಿ ಹಾರಿದ್ದರು, ಮುದುರಿಕೊಂಡು ಇಳಿದಿದ್ದರು. ಅಂಕ ಬಂತು, ಸ್ಥಾನವೂ ಬಂತು. ಒಂಬತ್ತು. ಆ ಇಬ್ಬರು ಹುಡುಗಿಯರು ಒಬ್ಬರನ್ನೊಬ್ಬರು ಸಮಾಧಾನ ಮಾಡುತ್ತ ಹೋದದ್ದನ್ನು ಮಿಡತೆ ಕಣ್ಣು ತಿರುಗಿಸದೆ ನೋಡಿದಳು, ಆ ಬೆಂಚು ಅವಳಿಗೆ ಗೊತ್ತಿತ್ತು. ಆಮೇಲೆ ಅತ್ತಿಗೆ ಅವಳ ಕುತ್ತಿಗೆಗೆ ಜೋತುಬಿದ್ದಳು, ಉಳಿದದ್ದೆಲ್ಲ ಮರೆತುಹೋಯಿತು.

"ನೀವು ಬೀಳ್ತೀರಿ ಅಂದ್ಕೊಂಡೆ," ಎಂದು ಅತ್ತಿಗೆ ಬಿಕ್ಕಿದಳು. "ಬೀಳ್ತೀರಿ ಅಂತ ಗೊತ್ತಿದ್ದೂ ಕೆಳಗೆ ಬರಲಿಲ್ಲ ನಾನು."

"ಬರಲಿಲ್ಲವಲ್ಲ, ಅದಕ್ಕೇ ಬೀಳಲಿಲ್ಲ," ಎಂದಳು ಮಿಡತೆ.

ಮರುದಿನ ಫೈನಲ್. ಹೋಟೆಲಿನ ಕೋಣೆಯಲ್ಲಿ ಮಿಡತೆಗೆ ಎಚ್ಚರವಾದಾಗ ಬೆಳಕು ಹರಿದಿತ್ತು. ಮೊಣಕಾಲು ಊದಿಕೊಂಡಿತ್ತು, ಮಡಚಲು ನೋಡಿದಳು, ಮಡಚಿತು. ಟವೆಲ್ ಹೆಗಲಿಗೆ ಹಾಕಿಕೊಂಡು ಕುಂಟುತ್ತ ಬಚ್ಚಲ ಕಡೆ ನಡೆದಳು. ಅತ್ತಿಗೆಯೂ ಅದೇ ಹೊತ್ತಿಗೆ ಎದ್ದು ಬಂದಳು. ಇಬ್ಬರೂ ಬಾಗಿಲ ಮುಂದೆ ಎದುರುಬದುರಾದರು. ಅಭ್ಯಾಸಬಲ, ಮಿಡತೆಯ ಬಾಯಿ ತೆರೆಯಿತು.

"ಅತ್ತಿಗೆ, ನೀವು..."

ಅತ್ತಿಗೆ ಅವಳನ್ನು ಭುಜದಿಂದ ಪಕ್ಕಕ್ಕೆ ತಳ್ಳಿ, ಒಳಗೆ ನುಗ್ಗಿ, ಮುಖದ ಮೇಲೇ ಬಾಗಿಲು ಹಾಕಿಕೊಂಡಳು. ಚಿಲಕ ಬಿದ್ದ ಸದ್ದಾಯಿತು. ನಲ್ಲಿ ಬಿಟ್ಟ ಸದ್ದಾಯಿತು.

ಮಿಡತೆ ಒಂದು ಗಳಿಗೆ ಹಾಗೇ ನಿಂತಳು. ಆಮೇಲೆ ಅವಳಿಗೆ ನಗು ಉಕ್ಕಿ ಬಂತು, ಕಣ್ಣಲ್ಲಿ ನೀರೂ ಬಂತು. ಎರಡೂ ಮುಷ್ಟಿಯಿಂದ ಬಾಗಿಲು ಬಡಿದಳು.

"ಲೇ ಪುಟ್ಟಿ, ಎಷ್ಟು ಹೊತ್ತೇ? ನನಗೂ ಹಾರೋದಿದೆ!"

"ಕಾಯಿ," ಎಂದಿತು ಒಳಗಿನ ದನಿ.

ಮಿಡತೆ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು. ಪಟ್ಟಿ ಬಿಚ್ಚಿ, ಊದಿದ ಮೊಣಕಾಲಿಗೆ ಬಿಗಿಯಾಗಿ ಮತ್ತೆ ಸುತ್ತತೊಡಗಿದಳು.